ಕಲಾ ಪದವೀಧರರೂ ಜನಾರೋಗ್ಯಶಾಸ್ತ್ರವೂ

ಇತಿಹಾಸ, ಸಮಾಜಶಾಸ್ತ್ರ, ಭಾಷೆ ಮೊದಲಾದವುಗಳನ್ನು ಅಭ್ಯಸಿಸಿ ಬಿ.ಎ. ಪದವಿ ಪಡೆದವರಿಗೆ ಆರೋಗ್ಯಕ್ಷೇತ್ರದ ಬಾಗಿಲು ಮುಚ್ಚಿದೆಯೆಂದು ಅನೇಕ ತಂದೆತಾಯಿಗಳು ಭಾವಿಸುತ್ತಾರೆ. ವೈದ್ಯವೃತ್ತಿಯ ಮಟ್ಟಿಗೆ ಈ ಮಾತು ನಿಜ. ಜನಾರೋಗ್ಯಶಾಸ್ತ್ರದ ಮಟ್ಟಿಗೆ ನಿಜವಲ್ಲ. ವೈದ್ಯನು ಒಬ್ಬ ರೋಗಿಯ ನಾಡಿಯನ್ನು ನೋಡಿದರೆ ಈ ಶಾಸ್ತ್ರವು ಇಡೀ ಊರಿನ ನಾಡಿಯನ್ನು ನೋಡುತ್ತದೆ. ರೋಗವು ಯಾರಿಗೆ ಬಂದಿತು, ಯಾರಿಗೆ ಬರಲಿಲ್ಲ, ಎಲ್ಲಿ, ಯಾವಾಗ, ಏಕೆ ಎಂಬುವೇ ಅದರ ಪ್ರಶ್ನೆಗಳು.

1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ತಗುಲಿ ಆರುನೂರಕ್ಕೂ ಹೆಚ್ಚು ಜನರು ಮಡಿದರು. ಬ್ರಾಡ್ ಬೀದಿಯ ಪಂಪಿನ ನೀರೇ ಇದಕ್ಕೆ ಮೂಲವೆಂದು ವೈದ್ಯ ಜಾನ್ ಸ್ನೋ ಹೇಳಿದನು. ಅಲ್ಲಿನ ತರುಣ ಪಾದ್ರಿ ಹೆನ್ರಿ ವೈಟ್‌ಹೆಡ್ ಈ ಮಾತನ್ನು ನಂಬಲಿಲ್ಲ. ಅದನ್ನು ಅಲ್ಲಗಳೆಯಲೆಂದೇ ಆತನು ಮನೆಮನೆಗೆ ಹೋಗಿ ವಿಚಾರಿಸಿದನು. ಆ ನೀರನ್ನು ಕುಡಿದವರನ್ನೂ ಕುಡಿಯದವರನ್ನೂ ಬೇರೆ ಬೇರೆಯಾಗಿ ಎಣಿಸಿದಾಗ ಸ್ನೋನ ಮಾತೇ ಸರಿಯೆಂದು ಕಂಡಿತು. ಪಂಪಿನ ಬಳಿಯ ಮನೆಯೊಂದರಲ್ಲಿ ಬೇನೆಬಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರು ಮಲಗುಂಡಿಯನ್ನು ಸೇರಿತ್ತೆಂಬುದನ್ನೂ ಆತನೇ ಪತ್ತೆಹಚ್ಚಿದನು. ವೈದ್ಯನಲ್ಲದವನ ಬಳಿ ಇದ್ದ ಸಾಧನಗಳು ಜನರ ಪರಿಚಯ, ತಾಳ್ಮೆ ಮತ್ತು ಸತ್ಯನಿಷ್ಠೆ.

ದೂರದ ಲಂಡನ್ನೇಕೆ? ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆ ಮೊದಲಾದ ಗ್ರಾಮಗಳ ಜನರ ಬವಣೆಯನ್ನು ಲೋಕಕ್ಕೆ ತಿಳಿಸಿದ ಮೊದಲಿಗರಲ್ಲಿ ವೈದ್ಯರಾದ ವೈ. ಎಸ್. ಮೋಹನ ಕುಮಾರ್ ಅವರೊಡನೆ ಪತ್ರಕರ್ತರಾದ ಶ್ರೀ ಪಡ್ರೆಯವರೂ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಕನ್ನಡ, ತುಳು, ಮಲಯಾಳಗಳು ಬೆರೆತಿರುವ ಈ ಸೀಮೆಯಲ್ಲಿ ತಾಯಿಯೊಬ್ಬಳು ಮಗುವಿನ ಬೇನೆಯನ್ನು ತನ್ನ ಮನೆಮಾತಿನಲ್ಲಿಯೇ ಪೂರ್ಣವಾಗಿ ಹೇಳಬಲ್ಲಳು. ಅದನ್ನು ಅರಿತು ಬರೆದುಕೊಳ್ಳಬಲ್ಲ ಗಡಿನಾಡಿನ ಮಕ್ಕಳಿಗೆ ಬಹುಭಾಷಾಜ್ಞಾನವು ಹೊರೆಯಲ್ಲ, ಬಂಡವಾಳ.

ಆದರೆ ಕೇಳಿದುದನ್ನು ಲೆಕ್ಕಕ್ಕೆ ತರುವ ಶಕ್ತಿಯೂ ಬೇಕು. ಒಂದೂರಿನಲ್ಲಿ 20 ಮಂದಿಗೆ, ಇನ್ನೊಂದರಲ್ಲಿ 10 ಮಂದಿಗೆ ರೋಗ ತಗುಲಿತೆನ್ನೋಣ. ಮೊದಲನೆಯದರಲ್ಲಿಯೇ ರೋಗ ಹೆಚ್ಚೆಂದು ತೋರುತ್ತದೆ. ಆದರೆ ಅದರ ಜನಸಂಖ್ಯೆ 4,000, ಎರಡನೆಯದರದು 1,000 ಆಗಿದ್ದರೆ ರೋಗದ ಪ್ರಮಾಣವು ಸಾವಿರಕ್ಕೆ ಕ್ರಮವಾಗಿ 5 ಮತ್ತು 10. ಹೆಚ್ಚು ಪೀಡಿತವಾದುದು ಎರಡನೆಯ ಊರೇ! ಸ್ನಾತಕೋತ್ತರ ತರಗತಿಯ ಸಂಖ್ಯಾಶಾಸ್ತ್ರವು ಇಂಥ ವಿವೇಕದ ವಿಸ್ತರಣೆಯೇ ಆಗಿದೆ. ಕಲಾ ಪದವೀಧರರು ಮೊದಲ ವರ್ಷ ಹೆಚ್ಚು ಶ್ರಮಪಡಬೇಕಾದುದು ಇಲ್ಲಿಯೇ.

ಇಂಥ ವ್ಯಾಸಂಗಕ್ಕಾಗಿ ಬಹುದೂರ ಹೋಗಲೇಬೇಕೆಂದಿಲ್ಲ. ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜನಾರೋಗ್ಯದ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವಿದೆ. ಜನಸಂಖ್ಯಾಧ್ಯಯನಕ್ಕೆ 1956ರಲ್ಲಿ ಸ್ಥಾಪಿತವಾದ ಸಂಸ್ಥೆಯು ಮುಂಬಯಿಯಲ್ಲಿದೆ. ಪ್ರವೇಶಕ್ಕೆ ಯಾವ ಪದವಿ ಬೇಕೆಂಬ ನಿಯಮವು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾದುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕತಕ್ಕದ್ದು.

ವಿದ್ಯಾರ್ಥಿಗಳೇ, ಕಲಾವಿಷಯಗಳನ್ನು ಆರಿಸಿಕೊಂಡೆವೆಂದು ಗಣಿತವನ್ನು ಕೈಬಿಡಬೇಡಿರಿ. ಪೋಷಕರೇ, ಮಗಳು ಇತಿಹಾಸವನ್ನು ಓದುವೆನೆಂದರೆ ನಿರಾಶರಾಗಬೇಡಿರಿ. ಊರಿನ ನೋವನ್ನು ಕೇಳುವ ಕಿವಿಯೂ ಅದನ್ನು ಎಣಿಸುವ ಬುದ್ಧಿಯೂ ಒಬ್ಬರಲ್ಲಿಯೇ ಕೂಡಿದರೆ ಊರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.