ನಳದ ನೀರಿನ ವಾಸನೆ, ಕೊಳೆತ ಎಲೆಯ ಕರಾಮತ್ತು

ನಳದ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತದೆ, ಬಾವಿ ನೀರೇ ವಾಸಿ ಅನ್ನುವವರು ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಈಗಲೂ ಸಿಗ್ತಾರೆ. ಆ ವಾಸನೆ ಕ್ಲೋರಿನ್‌ದು. ಅಸಲಿ ಪ್ರಶ್ನೆ ಬೇರೆಯೇ ಇದೆ: ಈ ಕ್ಲೋರಿನ್ ನೀರಲ್ಲಿ ಯಾರ ಜೊತೆ ಸೇರ್ತದೆ?

ಮಂಜೀರಾ ನದಿ ಬೀದರ್ ಜಿಲ್ಲೆ ದಾಟಿ ಸಿಂಗೂರು ಜಲಾಶಯಕ್ಕೆ ಬರುವಾಗ ಎಲೆ, ಹುಲ್ಲು, ಹೊಲದ ಮಣ್ಣು ಎಲ್ಲವನ್ನೂ ಹೊತ್ತು ತರುತ್ತದೆ. ಜಹೀರಾಬಾದ್, ನಾರಾಯಣಖೇಡ ಭಾಗಕ್ಕೆ ಮಿಷನ್ ಭಗೀರಥದ ನೀರು ಬರುವುದು ಇಲ್ಲಿಂದಲೇ. ಎಲೆ ಕೊಳೆತಾಗ ಹ್ಯೂಮಿಕ್ ಆಮ್ಲದಂಥ ಇಂಗಾಲದ ಸಂಯುಕ್ತಗಳು ನೀರಲ್ಲಿ ಕರಗುತ್ತವೆ. ಅವುಗಳ ಜೊತೆ ಕ್ಲೋರಿನ್ ವರ್ತಿಸಿದರೆ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಮೀಥೇನ್‌ನ ನಾಲ್ಕು ಹೈಡ್ರೋಜನ್‌ಗಳಲ್ಲಿ ಮೂರರ ಜಾಗದಲ್ಲಿ ಕ್ಲೋರಿನ್ ಕೂತಿದೆ ಅಂತ ಊಹಿಸಿಕೊಳ್ಳಿ, ಅದೇ ಕ್ಲೋರೋಫಾರ್ಮ್. ಹೌದು, ಹಿಂದೆ ಆಪರೇಷನ್‌ಗೆ ಮುಂಚೆ ಮೂಸಿಸುತ್ತಿದ್ದದ್ದು!

ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಿಂದಲೇ ಊರ ನೀರಿಗೆ ಕ್ಲೋರಿನ್ ಹಾಕುತ್ತಿದ್ದರು. ಆದರೆ ಈ ಉಪ ಉತ್ಪನ್ನಗಳ ಗುಟ್ಟು ಗೊತ್ತಾದದ್ದು 1974ರಲ್ಲಿ, ನೆದರ್‌ಲ್ಯಾಂಡ್ಸ್‌ನ ಯೋಹಾನ್ನೆಸ್ ರೂಕ್ ಅವರಿಂದ. ಹೆಚ್ಚು ಪ್ರಮಾಣದ ಕ್ಲೋರೋಫಾರ್ಮ್ ಪ್ರಾಣಿಗಳ ಯಕೃತ್ತು, ಮೂತ್ರಪಿಂಡ ಕೆಡಿಸುತ್ತದೆ. ಇಂಥ ನೀರನ್ನು ಹತ್ತಾರು ವರ್ಷ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಕಾರಣ ಇದೇ ಅಂತ ಇನ್ನೂ ಖಚಿತವಾಗಿಲ್ಲ.

ಹಾಗಂತ ಕ್ಲೋರಿನ್ ಬಿಡೋಣವೇ? ಕಾಲರಾ ಹತ್ತಾರು ವರ್ಷ ಕಾಯುವುದಿಲ್ಲ, ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಒಂದು ಮಜಾ ಇದೆ. ಲೀಟರಿಗೆ ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ ಇರಲೇಬೇಕು, ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಲೇಬಾರದು. ಅಂಕಿ ಒಂದೇ, ಅರ್ಥ ಉಲ್ಟಾ. ಎರಡನ್ನೂ ಸಾಧಿಸುವ ದಾರಿ ಅಂದ್ರೆ ಮೊದಲು ಪಟಿಕ ಹಾಕಿ, ಕೆಸರು ತಂಗಿಸಿ, ಮರಳಲ್ಲಿ ಸೋಸಿ, ಆದಷ್ಟು ಕೊಳೆ ತೆಗೆದ ಮೇಲೆ ಕ್ಲೋರಿನ್ ಹಾಕುವುದು.

ಮನೆಯ ಟ್ಯಾಂಕಿಗೂ ಇದೇ ಲೆಕ್ಕ. ಪಾಚಿ, ಎಲೆ ಇರುವಾಗಲೇ ಬ್ಲೀಚಿಂಗ್ ಪೌಡರ್ ಸುರಿದರೆ ಕ್ಲೋರಿನ್ ಕೊಳೆಗೇ ಖರ್ಚಾಗಿ, ಕ್ರಿಮಿ ಕೊಲ್ಲಲು ಉಳಿಯುವುದಿಲ್ಲ. ಮೊದಲು ತಿಕ್ಕಿ ತೊಳೀರಿ, ಮುಚ್ಚಳ ಹಾಕಿ. ಕ್ಲೋರೋಫಾರ್ಮ್ ಸುಮಾರು 61 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಮುಚ್ಚಳ ತೆಗೆದು ನೀರು ಕುದಿಸಿದರೆ ಬಹುಪಾಲು ಹಾರಿಹೋಗುತ್ತದೆ. ಆಗ ಅಡುಗೆಮನೆ ಕಿಟಕಿ ತೆರೆದಿರಲಿ. ಕ್ಲೋರಿನ್ ಕೂಡ ಹೋಗಿರುತ್ತದಲ್ಲ, ಆರಿದ ಮೇಲೆ ಆ ನೀರಿಗೆ ಕೈ ಅದ್ದಬೇಡಿ, ಹಿಡಿ ಇರುವ ಸೌಟಿನಿಂದಲೇ ತೆಗೀರಿ.