ಆಟ ಆಡಿದ್ರ ನೌಕರಿ ಸಿಗತೈತೇನು? ಯಾವ ಸರ್ಟಿಫಿಕೇಟಿಗೆ ಎಷ್ಟು ಬೆಲೆ, ಇಲ್ಲಿ ನೋಡ್ರಿ

ಜಕ್ಕಲಿ (ರೋಣ ತಾ.): ಸಂಜಿ ಐದರ ಮ್ಯಾಲೆ ನಮ್ಮೂರಿನ ಬಯಲಿಗೆ ಹೋದ್ರ ಕಬಡ್ಡಿ, ವಾಲಿಬಾಲ್ ಆಡೋ ಕಾಲೇಜು ಹುಡುಗರು ಸಿಗತಾರ. ಅವರ ಅಪ್ಪಂದಿರು ಚಾದಂಗಡಿಯಲ್ಲಿ ಸಿಗತಾರ. "ಆಡಿ ಏನ್ ಮಾಡ್ತಾನ್ರಿ, ಅದರಿಂದ ಹೊಟ್ಟಿ ತುಂಬತೈತೇನು?" ಅನ್ನೋದು ಅವರ ಮಾತು. ಹುಡುಗರದು ಬೇರೆ ಲೆಕ್ಕ: "ಸರ್ಟಿಫಿಕೇಟ್ ಐತಿ, ಸ್ಪೋರ್ಟ್ಸ್ ಕೋಟಾದಾಗ ಆಗತೈತಿ." ಇಬ್ಬರದೂ ಅರ್ಧ ಖರೆ, ಅರ್ಧ ಸುಳ್ಳು.

ಕೇಂದ್ರ ಸರ್ಕಾರದ ನೌಕರಿಯಿಂದ ಶುರು ಮಾಡೋಣ. ಅಂಚೆ, ಆದಾಯ ತೆರಿಗೆಯಂತಹ ಇಲಾಖೆಗಳ ಗ್ರೂಪ್ ಸಿ ನೇರ ನೇಮಕಾತಿಯಲ್ಲಿ ಶೇ. 5ರವರೆಗೆ ಹುದ್ದೆಗಳನ್ನು ಕ್ರೀಡಾಪಟುಗಳಿಂದ ತುಂಬಬಹುದು. ತುಂಬಬಹುದು ಅಂತ ಐತಿ, ತುಂಬಲೇಬೇಕು ಅಂತಿಲ್ಲ. ಇದಕ್ಕೆ ಅರ್ಹತೆ ಅಂದ್ರ ದೇಶಕ್ಕೆ ಅಥವಾ ರಾಜ್ಯಕ್ಕೆ ಆಡಿರಬೇಕು, ಇಲ್ಲಾ ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ತಮ್ಮ ಯೂನಿವರ್ಸಿಟಿ ಪರವಾಗಿ ಆಡಿರಬೇಕು, ಇಲ್ಲಾ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ತಂಡದಲ್ಲಿ ಇದ್ದಿರಬೇಕು. ಪದಕ ಬಂದವರಿಗೆ ಮೊದಲ ಆದ್ಯತೆ, ಬರೀ ಭಾಗವಹಿಸಿದವರು ಅವರ ಹಿಂದೆ. ವಯಸ್ಸಿನಲ್ಲೂ 5 ವರ್ಷದವರೆಗೆ ಸಡಿಲಿಕೆ ಐತಿ, ಎಸ್‌ಸಿ, ಎಸ್‌ಟಿಗೆ 10 ವರ್ಷ.

ಕಬಡ್ಡಿ, ಖೋಖೋ, ಕುಸ್ತಿ ಎಲ್ಲಾ ಆ ಪಟ್ಟಿಯಲ್ಲಿ ಮೊದಲಿಂದ ಅದಾವ. 43 ಆಟ ಇದ್ದ ಪಟ್ಟಿಗೆ 2020ರಲ್ಲಿ ಇನ್ನೂ 20 ಸೇರಿದವು. ಅದರಾಗ ಮಲ್ಲಕಂಬನೂ ಐತಿ, ಹಗ್ಗ ಜಗ್ಗಾಟನೂ ಐತಿ. ಹಗ್ಗ ಜಗ್ಗಾಟಕ್ಕೆ ನೌಕರಿ ಅಂದ್ರ ನಮ್ಮ ಕಡೆ ಈಗಲೂ ನಗತಾರ, ನಗಲಿ ಬಿಡ್ರಿ.

ಈಗ ಮುಖ್ಯ ವಿಷಯ. ರೋಣ, ನರೇಗಲ್ಲ, ಗಜೇಂದ್ರಗಡ ಕಡೆಯ ಡಿಗ್ರಿ ಹುಡುಗರು ಆಡೋದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. ಮೊದಲು ಕಾಲೇಜು ಟೀಮು, ಆಮ್ಯಾಲೆ ಅಂತರ ಕಾಲೇಜು ಪಂದ್ಯ, ಅಲ್ಲಿ ಚಲೋ ಆಡಿದವರು ಯೂನಿವರ್ಸಿಟಿ ಟೀಮಿಗೆ ಆಯ್ಕೆ. ಅದನ್ನೇ 'ಬ್ಲೂ' ಅಂತಾರ. ಆ ಟೀಮು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗತೈತಿ. ನಮ್ಮ ಭಾಗದ ಬಹಳ ಹುಡುಗರು ಅಂತರ ಕಾಲೇಜಿಗೆ ನಿಂತು ಬಿಡತಾರ. ಕಪ್ಪು ಹಿಡಿದು ಫೋಟೋ ತಗದು ಸ್ಟೇಟಸ್ ಹಾಕತಾರ. ಕೇಂದ್ರದ ಕೋಟಾಕ್ಕೆ ಆ ಕಪ್ಪು ಲೆಕ್ಕಕ್ಕಿಲ್ಲ. ಊರ ಜಾತ್ರಿಯಾಗಿನ ಟೂರ್ನಮೆಂಟು, ಟ್ರಸ್ಟಿನವರ ಪ್ರಶಸ್ತಿ ಪತ್ರ, ಅವೂ ಅಷ್ಟೇ.

ಬ್ಲೂ ಆದವರೂ ಒಂದು ಕಡೆ ಎಡವತಾರ. ಅರ್ಜಿ ಜೊತೆ ಕೇಳೋದು ಪಂದ್ಯದಲ್ಲಿ ಕೊಟ್ಟ ಬಣ್ಣದ ಸರ್ಟಿಫಿಕೇಟ್ ಒಂದೇ ಅಲ್ಲ, ಸರ್ಕಾರ ನಿಗದಿ ಮಾಡಿದ ನಮೂನೆ ಬೇಕು. ಯೂನಿವರ್ಸಿಟಿ ಆಟಗಾರರಿಗೆ ಅದು ಫಾರ್ಮ್ 3. ಅದಕ್ಕೆ ಸಹಿ ಹಾಕೋರು ಕಾಲೇಜಿನ ಪಿಟಿ ಸರ್ ಅಲ್ಲ, ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರು. ರಾಜ್ಯ ತಂಡಕ್ಕೆ ಆಡಿದ್ರ ಫಾರ್ಮ್ 2, ರಾಜ್ಯ ಸಂಘದ ಕಾರ್ಯದರ್ಶಿ ಸಹಿ. ಇನ್ನೊಂದು ಸಣ್ಣದು, ಆದ್ರ ದೊಡ್ಡ ತ್ರಾಸು ಕೊಡೋದು: ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹೆಸರೇ, ಅದೇ ಇನಿಶಿಯಲ್ಲೇ ಆಟದ ಸರ್ಟಿಫಿಕೇಟಿನಲ್ಲೂ ಇರಬೇಕು. ಪಂದ್ಯದ ದಿನ ಅವಸರದಾಗ ಬರೆಸಿದ ಹೆಸರು ಆಮ್ಯಾಲೆ ತಿದ್ದಸಾಕ ಓಡಾಡೋದು ಸಾಕಾಗತೈತಿ.

ರೈಲ್ವೆ ಕಥಿ ಬೇರೆ. ಹುಬ್ಬಳ್ಳಿ ನಮಗ ಹತ್ತಿರ, ನೈಋತ್ಯ ರೈಲ್ವೆ ಕೇಂದ್ರ ಕಚೇರಿ ಅಲ್ಲೇ, ಕ್ರೀಡಾ ಕೋಟಾ ಅಧಿಸೂಚನೆಯೂ ಅಲ್ಲಿಂದಲೇ ಬರತೈತಿ. ಲಿಖಿತ ಪರೀಕ್ಷೆ ಇಲ್ಲ. ಆಟದ ಸಾಧನೆಗೆ 50 ಅಂಕ, ಮೈದಾನದ ಟ್ರಯಲ್ಸಿಗೆ 40, ಓದಿಗೆ 10. ಕೇಳಾಕ ಚಂದ ಐತಿ. ಆದ್ರ ವಯಸ್ಸು 18ರಿಂದ 25, ಯಾರಿಗೂ ಸಡಿಲಿಕೆ ಇಲ್ಲ. ಹಳೇ ಸಾಧನೆ ನಡಿಯಂಗಿಲ್ಲ, ಇತ್ತೀಚಿನ ಎರಡು ಮೂರು ವರ್ಷದ್ದೇ ಬೇಕು. ಯೂನಿವರ್ಸಿಟಿ ಟೀಮಿನಲ್ಲಿ ಬರೀ ಇದ್ದೆ ಅಂದ್ರ ಸಾಲದು, ಸ್ಥಾನ ಬಂದಿರಬೇಕು. ಡಿಗ್ರಿ ಮುಗಿಸಿ ಎರಡು ವರ್ಷ ಸುಮ್ನ ಕುಂತು ಆಮ್ಯಾಲೆ ನೆನಪಾದ್ರ ಆ ಬಾಗಿಲು ಹಾಕಿರತೈತಿ.

ರಾಜ್ಯದಲ್ಲಿ ಪೊಲೀಸ್ ಇಲಾಖೆ ಕ್ರೀಡಾಪಟುಗಳನ್ನು ಬೇರೆಯಾಗಿ ತಗೊಂಡದ್ದು ಐತಿ. ಎಲ್ಲ ಇಲಾಖೆಗೂ ಶೇ. 2 ಮೀಸಲಾತಿ ಅಂತ 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಘೋಷಣೆ ಮಾಡಿದ್ರು. ಆದ್ರ ಕೋಟಾ ಇಲ್ಲದವರಿಗೂ ಇಲ್ಲಿ ಆಟ ಕೈ ಹಿಡಿಯತೈತಿ. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಹುಡುಗರು 1600 ಮೀಟರ್‌ನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಲಿಖಿತದಲ್ಲಿ ಪಾಸಾಗಿ ಓಟದಲ್ಲಿ ಕುಂತವರನ್ನ ನಾನೇ ನೋಡೀನಿ. ನಾಲ್ಕು ವರ್ಷ ಖೋಖೋ ಆಡಿದ ಹುಡುಗನಿಗೆ ಅದು ಭಾರ ಅನಿಸಂಗಿಲ್ಲ.

ಹಂಗಾದ್ರ ಅಂತರ ಕಾಲೇಜು ಸರ್ಟಿಫಿಕೇಟ್ ಪೂರಾ ದಂಡೇನು? ಅಲ್ಲ. ಬಿಪಿಎಡ್ ಸೇರಾಕ ಅದು ಬೇಕು. ಡಿಗ್ರಿಯಲ್ಲಿ ಶೇ. 50 ಅಂಕ, ಜೊತೆಗೆ ಅಂತರ ಕಾಲೇಜು ಮಟ್ಟದಲ್ಲಾದ್ರೂ ಆಡಿದ ದಾಖಲೆ ಇದ್ರ ಎರಡು ವರ್ಷದ ಆ ಕೋರ್ಸಿಗೆ ಅರ್ಜಿ ಹಾಕಬಹುದು. ಶಾಲೆಯಲ್ಲಿ ದೈಹಿಕ ಶಿಕ್ಷಕ ಆಗೋ ದಾರಿ ಅದು. ನನ್ನ ಹತ್ರ ಅಂಥಾ ಮೂರು ಸರ್ಟಿಫಿಕೇಟ್ ಅದಾವ, ಟ್ರಂಕಿನ ಮ್ಯಾಲೆ ಪ್ಲಾಸ್ಟಿಕ್ ಚೀಲದಾಗ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟೆ. ಡಿಗ್ರಿ ಇಲ್ಲದ್ದಕ್ಕ ಅವು ಚೀಲದಾಗೇ ಉಳದಾವ. ಆಟ ಐತಿ ಅಂತ ಓದು ಬಿಡೋ ತಮ್ಮಂದಿರು ಇದನ್ನ ಓದಲಿ ಅಂತಲೇ ಬರದೀನಿ.

ಅಂಗಡಿಯವರ ಮಾತೂ ಕೇಳಿದೆ. ಕೆಲಸಕ್ಕೆ ಹುಡುಗನ್ನ ಇಟ್ಕೊಳ್ಳುವಾಗ ಸರ್ಟಿಫಿಕೇಟ್ ಯಾರೂ ನೋಡಂಗಿಲ್ಲ. ಆದ್ರ ಗೊಬ್ಬರದ ಅಂಗಡಿಯವರೊಬ್ಬರು, "ಟೀಮಿನಾಗ ಆಡಿದವ ಹೊತ್ತಿಗೆ ಬರತಾನ, ಬೈಸಿಕೊಂಡ್ರೂ ಮರುದಿನ ಬರತಾನ" ಅಂದ್ರು. ಗದಗ, ಹುಬ್ಬಳ್ಳಿಯ ಖಾಸಗಿ ಕಂಪನಿಗೆ ಅರ್ಜಿ ಹಾಕೋರು ಬಯೋಡಾಟಾದಲ್ಲಿ 'ಹವ್ಯಾಸ: ಕ್ರೀಡೆ' ಅಂತ ಬರೆಯೋದು ಬಿಟ್ಟು ಯಾವ ಆಟ, ಯಾವ ವರ್ಷ, ಎಲ್ಲಿವರೆಗೆ, ಕ್ಯಾಪ್ಟನ್ ಆಗಿದ್ರೋ ಇಲ್ಲೋ ಅಂತ ಬರೀರಿ. ಎದುರು ಕುಂತವರು ಅದರ ಮ್ಯಾಲೆ ಪ್ರಶ್ನೆ ಕೇಳಿದ್ರ ನಿಮಗ ಮಾತಾಡಾಕ ಬರತೈತಿ.

ನನ್ನ ಗೆಳೆಯನೊಬ್ಬ ಎರಡು ವರ್ಷದ ಹಿಂದ ಯೂನಿವರ್ಸಿಟಿ ಖೋಖೋ ಟೀಮಿನಲ್ಲಿ ಆಡಿದ. ಈಗ ಅಪ್ಪನ ಜೊತೆ ಹೊಲ ನೋಡ್ಕೊಂಡು ಅದಾನ. ಫಾರ್ಮ್ 3 ಅನ್ನೋದು ಐತಿ ಅಂತ ಅವನಿಗೆ ಹೋದ ವಾರ ನಾನು ಹೇಳಿದ ಮ್ಯಾಲೆ ಗೊತ್ತಾತು. ಸೋಮವಾರ ಮುಂಜಾನೆ ಬಸ್ಸಿಗೆ ಧಾರವಾಡಕ್ಕ ಹೊಂಟಾನ.