ಮರಳನ್ನು ಆರಿಸಿದ ಚಿಪ್ಪು

ಚಿಪ್ಪನ್ನು ಧರಿಸುವ ಸಮುದ್ರಜೀವಿಗಳು ಸಾಮಾನ್ಯವಾಗಿ ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ, ತಮ್ಮ ಮೈಯಿಂದಲೇ ಆ ಕವಚವನ್ನು ಸ್ರವಿಸಿಕೊಳ್ಳುತ್ತವೆ. ಆದರೆ ಸುಮಾರು 51 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದ ಪೂರ್ವಭಾಗದಲ್ಲಿ, ಇಂದು ಉತ್ತರ ಅಮೆರಿಕ, ಗ್ರೀನ್‌ಲೆಂಡ್, ವಾಯವ್ಯ ಸ್ಕಾಟ್‌ಲೆಂಡ್‌ಗಳ ಶಿಲಾಸ್ತರಗಳಾಗಿ ಉಳಿದಿರುವ ಆಳವಿಲ್ಲದ ಕಡಲುಗಳಲ್ಲಿ ಬಾಳಿದ ಸಾಲ್ಟೆರೆಲ್ಲಾ ಎಂಬ ಪ್ರಾಣಿಯು, ಸುಣ್ಣದ ಕವಚವೊಂದರಿಂದಲೇ ತೃಪ್ತವಾಗದೆ, ಅದರ ಒಳಭಾಗವನ್ನು ಕಡಲತಳದ ಕಣಗಳಿಂದ ತುಂಬಿಕೊಳ್ಳುವ ವಿಲಕ್ಷಣ ಮಾರ್ಗವನ್ನು ಹಿಡಿಯಿತು. ಎಲ್ಕಾನಾ ಬಿಲಿಂಗ್ಸ್ ಎಂಬ ಕೆನಡಾದ ವಿದ್ವಾಂಸನು 1861ರಲ್ಲಿ ಇದಕ್ಕೆ ಆಂಗ್ಲ ಪ್ರಾಗ್ಜೀವಿಶಾಸ್ತ್ರಜ್ಞನಾದ ಸಾಲ್ಟರನ ಹೆಸರನ್ನಿತ್ತನು.

ಬಹುಮಟ್ಟಿಗೆ ಒಂದು ಸೆಂಟಿಮೀಟರನ್ನು ಮೀರದ, ಶಂಕುವಿನಾಕಾರದ ಈ ಚಿಪ್ಪನ್ನು ಉದ್ದಕ್ಕೆ ಸೀಳಿ ನೋಡಿದರೆ, ನಡುವೆ ಒಂದು ಸೂಕ್ಷ್ಮನಾಳ, ಅದರ ಸುತ್ತ ತುದಿಯ ಕಡೆಗೆ ಓರೆಯಾಗಿ ಇಳಿಯುವ ಕಣಗಳ ಪದರಗಳು ಕಾಣುತ್ತವೆ. ಸತ್ತ ಚಿಪ್ಪಿನೊಳಕ್ಕೆ ಪ್ರವಾಹವು ಮರಳನ್ನು ನೂಕಿದ್ದರೆ ಈ ಕ್ರಮ ಮೂಡುತ್ತಿರಲಿಲ್ಲ. ಜೀವವಿದ್ದಾಗಲೇ ಪ್ರಾಣಿಯು ಕಣಗಳನ್ನು ಅಂಟಿಸಿ ಪದರಪದರವಾಗಿ ಕೂಡಿಸಿತೆಂದೇ ಹೇಳಬೇಕಾಗುತ್ತದೆ.

ಕೂಡಿಸಿದುದು ಕೈಗೆಟುಕಿದುದೆಲ್ಲವನ್ನೋ, ಅಥವಾ ಆಯ್ದುದನ್ನೋ? ಇದನ್ನರಿಯುವ ಉಪಾಯ ಸರಳವಾದುದು: ಚಿಪ್ಪಿನೊಳಗಿನ ಖನಿಜಗಳ ಪ್ರಮಾಣವನ್ನು ಅದೇ ಬಂಡೆಯಲ್ಲಿ ಚಿಪ್ಪಿನ ಹೊರಗಿರುವ ಖನಿಜಗಳ ಪ್ರಮಾಣದೊಡನೆ ತೂಗಿ ನೋಡುವುದು. ಆಯ್ಕೆಯಿಲ್ಲದಿದ್ದರೆ ಎರಡೂ ಸಮವಾಗಿರಬೇಕಷ್ಟೆ. ಹಾಗಿಲ್ಲ, ಜೇಡಿಯ ಅಂಶವನ್ನು ಪ್ರಾಣಿಯು ದೂರವಿಟ್ಟಿರುವುದೂ, ಟೈಟೇನಿಯಂ ಖನಿಜಗಳ ಭಾರವಾದ ಕಣಗಳಲ್ಲಿ ವಿಶೇಷವಾದ ಒಲವನ್ನು ತೋರಿರುವುದೂ ಕಂಡುಬಂದಿವೆ. ಗೃಹಿಣಿಯು ಮೊರದಲ್ಲಿ ಕಲ್ಲನ್ನು ಬಿಸುಟು ಅಕ್ಕಿಯನ್ನುಳಿಸಿಕೊಳ್ಳುವಳು. ಈ ಜೀವಿಯಾದರೋ ಕಲ್ಲಿನಲ್ಲಿಯೇ ಬೇಕಾದುದು ಬೇಡವಾದುದು ಎಂಬ ಭೇದವನ್ನೆಣಿಸಿತು.

ಆಯ್ಕೆಯೆಂದೊಡನೆ ಬುದ್ಧಿಯನ್ನು ಕಲ್ಪಿಸುವುದು ಯುಕ್ತವಲ್ಲ. ಇಂದಿನ ಕಡಲುಗಳಲ್ಲಿರುವ ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳಲ್ಲಿ ಕೆಲವು, ಮೆದುಳಿರಲಿ, ನರವೊಂದೂ ಇಲ್ಲದಿದ್ದರೂ, ಸ್ಪಂಜುಗಳ ಮುಳ್ಳುಗಳನ್ನೇ ಹೆಕ್ಕಿ ಮನೆ ಕಟ್ಟುತ್ತವೆ. ಆದುದರಿಂದ ಸಾಲ್ಟೆರೆಲ್ಲಾದ ಆಯ್ಕೆಯು ಅದರ ಮನಸ್ಸಿಗೆ ಸಾಕ್ಷಿಯಲ್ಲ, ಮೈಗೆ ಸಾಕ್ಷಿ. ಅದರ ಮೃದುದೇಹವು ಶಿಲೆಯಲ್ಲಿ ಉಳಿದಿಲ್ಲ; ಪ್ರಾಗ್ಜೀವಿಶಾಸ್ತ್ರಜ್ಞ ಎಲಿಸ್ ಯೊಚೆಲ್ಸನ್ 1977ರಲ್ಲಿ ಅದಕ್ಕಾಗಿ ಅಗ್ಮಾಟಾ ಎಂಬ ಪ್ರತ್ಯೇಕ ವಂಶವನ್ನೇ ಸೂಚಿಸಿದರೂ ಅದರ ಬಂಧುತ್ವದ ವಿವಾದವು ತೀರಲಿಲ್ಲ. ಆದರೂ ಕಣವನ್ನು ಮುಟ್ಟಿ, ಇದು ಬೇರೆ ಅದು ಬೇರೆ ಎಂದು ಗುರುತಿಸಿ, ಎತ್ತಿ, ಓರೆಯಾದ ಪದರದಲ್ಲಿ ಅದರ ಎಡೆಗೆ ಸೇರಿಸಬಲ್ಲ ಯಾವುದೋ ಒಂದು ಅಂಗವು ಅದಕ್ಕಿದ್ದಿರಲೇಬೇಕೆಂಬುದನ್ನು, ವಂಶವಾವುದೆಂದು ನಿರ್ಣಯವಾಗುವ ಮೊದಲೇ, ಆ ಮರಳು ನಮಗೆ ತಿಳಿಸಿಕೊಡುತ್ತದೆ.